ಮಂಗಳವಾರದ ಒಲೆ

ಗ್ಲಾಸ್ಗೋ,
ಗುರುವಾರ, ನವೆಂಬರ್ ೧೪

ಪ್ರೀತಿಯ ಹೈಮಿ,

(‘ಪ್ರೀತಿಯ’ ಎಂದು ಬರೆಯಬಹುದೋ ಬಾರದೋ ಎಂದು ಯೋಚಿಸಿ ಎರಡು ಹಾಳೆ ಹಾಳು ಮಾಡಿದೆ. ಈಗ ಬರೆದಾಗಿದೆ, ಇರಲಿ.)

ಇದನ್ನು ಓದುವ ಮುಂಚೆ ಏನಾದರೂ ತಿನ್ನು. ಬರೀ ಚಹಾ ಕುಡಿದು ಕೂತಿರಬೇಡ. ಬ್ರೆಡ್ಡು ಮುಗಿದಿದ್ದರೆ ಮೇಲಿನ ಗೂಡಿನಲ್ಲಿ ಬಿಸ್ಕತ್ತು ಇಟ್ಟು ಬಂದಿದ್ದೇನೆ. ಓದುತ್ತ ಓದುತ್ತ ನಿನ್ನ ಕೈ ನಡುಗಿದರೆ ಅದು ಸಿಟ್ಟಿನಿಂದಲೋ ಸಕ್ಕರೆ ಇಳಿದದ್ದರಿಂದಲೋ ನಿನಗೆ ಗೊತ್ತಾಗುವುದಿಲ್ಲ. ಇಲ್ಲಿ ಕೂತ ನನಗೂ ಗೊತ್ತಾಗುವುದಿಲ್ಲ, ಅದೇ ನನ್ನ ಭಯ.

ನನ್ನ ಬರವಣಿಗೆ ನಿನಗೆ ಗೊತ್ತೇ ಇದೆ. ಅಮ್ಮ ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟೆ, ಮತ್ತೆ ಹೋದದ್ದು ಒಂದು ಚಳಿಗಾಲ ಮಾತ್ರ, ಆಮೇಲೆ ಅಪ್ಪನ ಹೊಲಿಗೆ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದವಳು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ನನ್ನ ಸಾಲುಗಳು ಎಳೆದುಕೊಂಡು ಹೋಗುತ್ತವೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಹೆದರಿ ಬೇರೆ ಮಾತಿಗೆ ಜಾರುತ್ತೇನೆ, ಕೊನೆಗೆ ಇಬ್ಬರೂ ನಿನ್ನ ಕಾಲುಚೀಲದ ವಿಷಯ ಮಾತಾಡಿ ಫೋನು ಇಟ್ಟುಬಿಡುತ್ತೇವೆ. ಈ ಸಲ ಹಾಗಾಗಬಾರದು.

ನಿನ್ನ ಕಾರ್ಡು ಸೋಮವಾರ ಬಂತು. “ಕೊನೆಗೂ ಆಯ್ತಲ್ಲ! ನಾನು ಹೇಳ್ದಾಗ ಎಲ್ರೂ ನನ್ನನ್ನ ಹುಚ್ಚನ ಥರ ನೋಡಿದ್ರಿ. ಜೆರಾಲ್ಡ್ ಎಲ್ಲಾ ಹೇಳಿದ. ಭಾನುವಾರ ಸಭೆಗೆ ಬರ್ತೀನಿ, ನಾಲ್ಕು ಮಾತಾಡ್ತೀನಿ, ಕೋಟು ಇಸ್ತ್ರಿಗೆ ಕೊಟ್ಟಿದ್ದೀನಿ” ಎಂದು ಬರೆದಿದ್ದೀ. ಕೋಟಿನ ಮಾತು ಓದಿ ಕಾರ್ಡನ್ನು ಬೋರಲು ಹಾಕಿಟ್ಟೆ. ನೀನು ಎದ್ದು ನಿಂತರೆ ಜನ ಕೇಳುತ್ತಾರೆ, ಅಷ್ಟು ವರ್ಷ ಟ್ಯಾಕ್ಸಿ ಓಡಿಸಿದ ಬಾಯಿ ಅದು. ಭಾನುವಾರ ಏನು ತೀರ್ಮಾನವಾಗಬೇಕೆಂದು ಸಮಿತಿಯಲ್ಲಿ ಕೂತಿರುವ ನಿನ್ನ ಗೆಳೆಯ ಜೆರಾಲ್ಡ್ ನಿನಗೆ ಹೇಳಿಯೇ ಇರುತ್ತಾನೆ. ನಮ್ಮ ಸಿನಗಾಗಿನ ಅಡುಗೆಮನೆಯಿಂದ ತಸ್ನೀಮ್‌ಳನ್ನು ಕಳಿಸುವುದು, ಮಸೀದಿಯ ಹೆಂಗಸರ ಜೊತೆ ಸೇರಿ ಮುದುಕರಿಗೆ ಹಾಕುವ ಮಂಗಳವಾರದ ಊಟ ನಿಲ್ಲಿಸುವುದು, ಮಿಸೆಸ್ ವಿನೋಕೂರ್ ಅಧ್ಯಕ್ಷೆಯ ಕುರ್ಚಿ ಬಿಡುವುದು. ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಆ ದಿನ ಒಲೆ ಹಚ್ಚು ಎಂದು ತಸ್ನೀಮ್‌ಗೆ ಹೇಳಿದವಳು ನಾನು.

ಬರೆದುಬಿಟ್ಟೆ. ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ನೋಡಿ ಬಂದೆ. ಹಾಕಿತ್ತು.

ಮಿಸೆಸ್ ವಿನೋಕೂರ್ ಹೆಸರು ಕೇಳಿದರೆ ನಿನಗೆ ಈಗಲೂ ಮೈ ಉರಿಯುತ್ತದೆ. ಗಂಡನ ಕಾರ್ಖಾನೆ ನೆನೆದು ಅವರಿಗೆ ‘ರೇನ್‌ಕೋಟಿನ ರಾಣಿ’ ಎಂದು ಹೆಸರಿಟ್ಟವನು ನೀನೇ, ಇಡೀ ಸಿನಗಾಗ್ ಅದನ್ನು ಹೇಳಿ ನಕ್ಕಿತು, ನಾನೂ ನಕ್ಕೆ. ಆದರೆ ನಿನ್ನ ಅಮ್ಮನ ಕೊನೆಯ ದಿನಗಳಲ್ಲಿ ವೃದ್ಧಾಶ್ರಮದಲ್ಲಿ ಕಿಟಕಿಯಿರುವ ಕೋಣೆ ಕೊಡಿಸಿದವರು ಯಾರು? ಅದನ್ನು ಒಂದು ದಿನವಾದರೂ ಆಡಿ ತೋರಿಸಿದರೇ? ಸಭಾಂಗಣದ ಮಾಡು ಸೋರುತ್ತಿದ್ದಾಗ ಪೂರ್ತಿ ಖರ್ಚು ಅವರದು. ಸಮಿತಿಯವರು ಅವರ ಹೆಸರು ಕೆತ್ತಿಸಿ ಹಿತ್ತಾಳೆ ಫಲಕ ತಂದರೆ, “ಇದನ್ನ ತಗೊಂಡು ಹೋಗಿ ಕರಗಿಸಿ, ನನಗೆ ಒಂದು ದೊಡ್ಡ ಪಾತ್ರೆ ತಂದುಕೊಡಿ” ಎಂದರು. ಸಾರು ಮಾಡುವ ಪಾತ್ರೆ ಬಂದದ್ದು ಹಾಗೆ.

ಗಟ್ಟಿ ಹೆಂಗಸು, ಒಪ್ಪುತ್ತೇನೆ. ತಾನು ಹೇಳಿದ್ದೇ ಆಗಬೇಕು. ಸಮಿತಿಯಲ್ಲಿ ಜಗಳ ಶುರುವಾದರೆ ಕಿವಿಯ ಮಿಷಿನ್ನು ಬಂದ್ ಮಾಡಿ ನಗುತ್ತ ಕೂತುಬಿಡುತ್ತಾರೆ, ಎಲ್ಲರೂ ಕೂಗಿ ಸುಸ್ತಾದ ಮೇಲೆ ಹಾಕಿಕೊಂಡು, “ಹಾಗಾದ್ರೆ ಎಲ್ರೂ ಒಪ್ಪಿದ್ರಿ” ಎನ್ನುತ್ತಾರೆ. ನಗರಸಭೆಯಲ್ಲಿ ಸನ್ಮಾನ ಮಾಡಿ, ಸಹಿಷ್ಣುತೆ ಸಹಿಷ್ಣುತೆ ಎಂದು ಎಲ್ಲರೂ ಭಾಷಣ ಬಿಗಿದ ಮೇಲೆ ಮೈಕು ಇವರ ಕೈಗೆ ಬಂತು. “ಸಹಿಸಿಕೊಳ್ಳೋದು ಹಲ್ಲುನೋವನ್ನ. ಪಕ್ಕದ ಬೀದಿಯವರನ್ನ ಊಟಕ್ಕೆ ಕರೀಬೇಕಪ್ಪ” ಎಂದು ಹೇಳಿ ಕೂತರು. ಶಾಲೆಯ ಮಕ್ಕಳನ್ನು, ಯಾವ ಧರ್ಮದವರೇ ಆಗಲಿ, ನಮ್ಮಲ್ಲಿಗೆ ಕರೆಸಿ ಮುದುಕರ ಪಕ್ಕ ಕೂರಿಸಿ ತರಕಾರಿ ಸುಲಿಸುತ್ತಾರೆ. ಮೇಷ್ಟರು ಉಪದೇಶಕ್ಕೆ ಬಾಯಿ ತೆರೆದರೆ ಅವರ ಕೈಗೂ ಒಂದು ಕ್ಯಾರೆಟ್ಟು.

ಮಸೀದಿಯ ಬಾಗಿಲಿಗೆ ಯಾರೋ ಪುಂಡರು ಹೊಲಸು ಬಳಿದದ್ದು ನಿನಗೆ ನೆನಪಿರಬೇಕು. ಪೊಲೀಸರು ಫೋಟೋ ತೆಗೆದುಕೊಂಡು ಹೋದ ಮೇಲೆ, ಮಿಸೆಸ್ ವಿನೋಕೂರ್ ನಮ್ಮ ಮುದುಕಿಯರನ್ನೆಲ್ಲ ಬಕೆಟ್ಟು ಬ್ರಶ್ಶು ಸಮೇತ ಅಲ್ಲಿಗೆ ಹೊರಡಿಸಿದರು. ನಾನು ಮೊಣಕಾಲೂರಿ ಉಜ್ಜಿದ್ದೇನೆ. ಮಾರನೆಯ ವಾರ ತಸ್ನೀಮ್ ಒಂದು ತಟ್ಟೆ ಹಣ್ಣು ಹಿಡಿದು ನಮ್ಮ ಬಾಗಿಲಿಗೆ ಬಂದು, “ನಮ್ಮ ಬಾಗಿಲು ತೊಳೆದ್ರಿ, ನಿಮ್ಮಲ್ಲಿ ಏನು ಕೆಲಸ ಇದೆ ಹೇಳಿ” ಎಂದು ಕೇಳಿದಳು. ಆಗ ನಮ್ಮ ಅಡುಗೆಯ ಹೆಂಗಸರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿಯುತ್ತಿದ್ದರು, ಮಕ್ಕಳೆಲ್ಲ ಲಂಡನ್ನು ಮ್ಯಾಂಚೆಸ್ಟರು ಸೇರಿದ್ದರು, ಮಂಗಳವಾರದ ಊಟ ನಿಂತೇ ಹೋಗುವುದರಲ್ಲಿತ್ತು. ಮಿಸೆಸ್ ವಿನೋಕೂರ್ ತಟ್ಟೆಯನ್ನೂ ತಸ್ನೀಮ್‌ಳನ್ನೂ ಒಟ್ಟಿಗೇ ಒಳಗೆ ಎಳೆದುಕೊಂಡರು. ಆ ವಿಷಯಕ್ಕೆ ನಡೆದ ಸಭೆಯಲ್ಲಿ ನೀನು ವಿರುದ್ಧ ಮಾತಾಡಿದೆ, ನಾನು ನಿನ್ನ ಎದುರಿಗೇ ಪರವಾಗಿ ಕೈ ಎತ್ತಿದೆ. ಆ ಚಳಿಗಾಲ ನೀನು ಮನೆ ಬಿಟ್ಟು ನದಿಯಾಚೆಗೆ ಹೋದೆ. ಸಾರಿಗೋಸ್ಕರ ಗಂಡನನ್ನು ಬಿಟ್ಟವಳು ಎಂದು ನನ್ನ ಬೆನ್ನ ಹಿಂದೆ ಅಂದುಕೊಂಡರು. ಎದುರಿಗೂ ಅಂದರು.

ನಮ್ಮ ಗುರು ರಬ್ಬಿ ಪಿಂಕಸ್ ಒಪ್ಪಿದ್ದು ಒಂದು ಕಟ್ಟಳೆಯ ಮೇಲೆ, ಅದು ನಿನಗೂ ಗೊತ್ತು. ತರಕಾರಿ ಯಾರು ಹೆಚ್ಚಿದರೂ ಆಗಬಹುದು, ಸಾರು ಯಾರು ಕಲಕಿದರೂ ಆಗಬಹುದು, ಒಲೆ ಮಾತ್ರ ನಮ್ಮ ಯಹೂದಿಯರ ಕೈಯೇ ಹಚ್ಚಬೇಕು. ಇಲ್ಲದಿದ್ದರೆ ಆ ಅಡುಗೆ ನಮ್ಮವರು ಉಣ್ಣುವ ಹಾಗಿಲ್ಲ. ಆ ಕೈ ನನ್ನದಾಗಲಿ ಎಂದು ಮಿಸೆಸ್ ವಿನೋಕೂರ್ ಹೇಳಿದರು. “ಎಟ್ಟಾ ಮನೆ ಬಿಡೋಕೆ ಮುಂಚೆ ಬಾಗಿಲನ್ನ ಎರಡು ಸಲ ನೋಡೋಳು. ಇವಳಿಗಿಂತ ಕಾವಲಿನವರು ಸಿಕ್ತಾರಾ?” ಎಂದು ಎಲ್ಲರೆದುರು ಹೇಳಿದರು. ಹೈಮಿ, ಜೀವಮಾನದಲ್ಲಿ ನನಗೆ ಯಾರೂ ಪದವಿ ಕೊಟ್ಟಿರಲಿಲ್ಲ. ನನ್ನ ಗಾಬರಿಯೂ ಒಂದು ಕೆಲಸಕ್ಕೆ ಬಂತಲ್ಲ ಎಂದು ಆ ದಿನ ಮನೆಗೆ ಬಂದು ಅತ್ತೆ.

ತಸ್ನೀಮ್ ಆ ಕಟ್ಟಳೆಯನ್ನು ಒಂದು ದಿನವೂ ಮುರಿಯಲಿಲ್ಲ. ಗಡಿಬಿಡಿಯ ದಿನವೂ ಕೈಕಟ್ಟಿ ನಿಂತು, “ಬನ್ನಿ ಎಟ್ಟಾ ಆಂಟಿ, ನಿಮ್ಮ ಬೆಂಕಿ ಹಚ್ಚಿಕೊಡಿ, ನಮಗೆ ಬೇರೆ ಕೆಲಸ ಇದೆ” ಎನ್ನುತ್ತಿದ್ದಳು. ಮುದುಕರಿಗೆಲ್ಲ ಅವಳೆಂದರೆ ಜೀವ. ಲಿಪ್ಸಿ ಮುದುಕ ಗೊತ್ತಲ್ಲ, ಊರುಗೋಲು ಹಿಡಿದು ಅಡುಗೆಮನೆಯವರೆಗೂ ಬಂದು, “ಈ ಸಾರಿಗೆ ಏನು ಹಾಕಿದ್ದೀಯೇ ಹುಡುಗಿ, ನನಗೆ ಇನ್ನೊಂದು ಮದುವೆ ಆಗ್ಬೇಕು ಅನ್ಸುತ್ತೆ” ಎಂದರೆ ಇವಳು, “ಬರೀ ಶುಂಠಿ ಅಂಕಲ್. ಮದುವೆಗೆ ಬೇಕಾಗಿರೋದು ನನ್ನ ಡಬ್ಬೀಲಿಲ್ಲ” ಎನ್ನುತ್ತಿದ್ದಳು. ಐವತ್ತು ದಾಟಿದವಳಿಗೆ ಹುಡುಗಿ ಎನ್ನುವವರು ಅಲ್ಲಿ ಮಾತ್ರ ಇದ್ದರು.

ಈಗ ಆ ಮಂಗಳವಾರಕ್ಕೆ ಬರುತ್ತೇನೆ. ಬಿಸ್ಕತ್ತು ತಿಂದೆಯಾ?

ನಾನು ಕೋಟು ಹಾಕಿಕೊಂಡು ಸಭಾಂಗಣಕ್ಕೆ ಹೊರಡುತ್ತಿದ್ದಾಗ ನಿನ್ನ ಫೋನು ಬಂತು. ಮಾತಿಲ್ಲ, ಬರೀ ಉಸಿರು. ಆಮೇಲೆ, “ಎಟ್ಟಾ, ನೆಲ ಎಷ್ಟು ತಣ್ಣಗಿದೆ” ಎಂದೆ. ನೀನು ಬಿದ್ದದ್ದು ನಿನಗೆ ಗೊತ್ತು, ಅದು ಯಾವ ವಾರ ಎಂದು ನಿನಗೆ ನೆನಪಿರಲಾರದು. ಅದೇ ಮಂಗಳವಾರ, ಹೈಮಿ. ಜೆರಾಲ್ಡ್ ನಿನಗೆ ಅಷ್ಟು ಖುಷಿಯಿಂದ ವರ್ಣಿಸಿದ ಮಂಗಳವಾರ.

ಟ್ಯಾಕ್ಸಿಯಲ್ಲಿ ಕೂತು ತಸ್ನೀಮ್‌ಗೆ ಫೋನು ಮಾಡಿದೆ. ಅವಳ ಹತ್ತಿರ ಒಂದು ಬೀಗದ ಕೈ ಇತ್ತು, ಆಗಲೇ ಒಳಗೆ ಹೋಗಿದ್ದಳು. “ಅವಸರ ಮಾಡ್ಬೇಡಿ ಆಂಟಿ, ನೀವು ಬರೋವರೆಗೂ ತರಕಾರಿ ಹೆಚ್ತಿರ್ತೀನಿ” ಎಂದಳು.

“ನಾನು ಯಾವಾಗ ಬರ್ತೀನೋ ಗೊತ್ತಿಲ್ಲ ಕಣಮ್ಮ. ಆ ಪಾತ್ರೇಲಿ ನೀರು ಕಾಯೋಕೇ ಅರ್ಧ ಬೆಳಿಗ್ಗೆ ಬೇಕು. ಒಲೆ ನೀನೇ ಹಚ್ಚಿಬಿಡು.”

“ನಾನಾ? ಬೇಡ ಆಂಟಿ. ಮಿಸೆಸ್ ವಿನೋಕೂರ್ ಎಷ್ಟು ಸಲ ಹೇಳಿದ್ದಾರೆ. ರಬ್ಬಿ ಸಾಹೇಬ್ರಿಗೆ ಒಂದು ಮಾತು ಕೇಳ್ಲಾ?”

“ಯಾರನ್ನೂ ಕೇಳ್ಬೇಡ! ನಾನು ಹೇಳ್ತಿದ್ದೀನಲ್ಲ, ಹಚ್ಚು. ಹೈಮಿ ಬಿದ್ದಿದ್ದಾನೆ. ನಾನು ಅವನ ಮನೆಗೆ ಹೋಗ್ತೀನಿ ಅಂತ ಯಾರಿಗೂ ಗೊತ್ತಾಗ್ಬಾರ್ದು. ನಿನ್ನ ಮಕ್ಕಳಾಣೆ ಕಣೇ.”

ಅವಳು ಚಾಕು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, “ಅಂಕಲ್‌ಗೆ ಸಕ್ಕರೆ ಇಳಿದಿರುತ್ತೆ. ಸೂಜಿ ಚುಚ್ಚೋಕೆ ಹೋಗ್ಬೇಡಿ, ಮೊದ್ಲು ಬಾಯಿಗೆ ಸಿಹಿ. ನಮ್ಮಪ್ಪಂಗೆ ಹೀಗೇ ಆಗ್ತಿತ್ತು. ಹೋಗಿ, ಇಲ್ಲಿದು ನಾನು ನೋಡ್ಕೋತೀನಿ” ಎಂದಳು.

ಸೂಜಿ ಅಷ್ಟರಲ್ಲಿ ನನ್ನ ಮನಸ್ಸಿನಲ್ಲಿ ತಯಾರಾಗಿತ್ತು, ಹೈಮಿ. ಗಾಬರಿಯಲ್ಲಿ ನನಗೆ ಗೊತ್ತಿದ್ದದ್ದು ಅದೊಂದೇ, ಸಕ್ಕರೆ ಕಾಯಿಲೆ ಎಂದರೆ ಸೂಜಿ. ಅವಳು ಹೇಳದಿದ್ದರೆ ಏನು ಮಾಡಿಬಿಡುತ್ತಿದ್ದೆನೋ. ನಿನ್ನ ತುಟಿಗೆ ಜಾಮ್ ಸವರುತ್ತ ನೆಲದ ಮೇಲೆ ಕೂತಿದ್ದೆ. ನಿನಗೆ ತಿಳಿವು ಬಂದ ಕೂಡಲೇ ಆಡಿದ ಮೊದಲ ಮಾತು, “ಆಂಬುಲೆನ್ಸ್ ಕರೆದ್ಯೋ, ಇನ್ನು ನಿನ್ನ ಮುಖ ನೋಡಲ್ಲ. ಊರಿಗೆಲ್ಲ ಗೊತ್ತಾಗುತ್ತೆ.” ನಿನ್ನೊಬ್ಬನನ್ನೇ ದೂರುವುದಿಲ್ಲ. ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಇಡೀ ಸಿನಗಾಗ್ ಕೇಳುವ ಹಾಗೆ ಹೇಳಿದವಳು ನಾನು. ನಿನ್ನಲ್ಲಿಗೆ ಬರುವ ದಿನಗಳಲ್ಲಿ ಕಾಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಹೇಳಿಕೊಂಡು ಬಂದಿದ್ದೇನೆ. ಪಾಪ ಎಟ್ಟಾಳ ಕಾಲಿಗೆ ಏನಾಗಿದೆಯೋ ಎಂದು ಎಲ್ಲರಿಗೂ ಮರುಕ.

ನಿನ್ನನ್ನು ಮಂಚಕ್ಕೆ ಹತ್ತಿಸಿ, ತಿನ್ನಿಸಿ, ಬಣ್ಣ ಬಂದ ಮೇಲೆ ಓಡಿದೆ. ಅಡುಗೆಮನೆಗೆ ಹೋದಾಗ ಸಾರು ಕುದಿಯುತ್ತಿತ್ತು. ತಸ್ನೀಮ್ ನನ್ನ ಮುಖ ನೋಡಿ, “ಹೇಗಿದ್ದಾರೆ?” ಎಂದು ಕಣ್ಣಲ್ಲೇ ಕೇಳಿದಳು. ಪರವಾಗಿಲ್ಲ ಎಂದು ತಲೆಯಾಡಿಸಿದೆ. ಒಲೆಯ ಮುಂದೆ ಹೋಗಿ ನಿಂತೆ. ಅದು ನನ್ನ ಒಲೆಯಲ್ಲ, ಇವತ್ತು ಮುಟ್ಟಬಾರದು ಎನ್ನಿಸಿ ಕೈ ಹಿಂದೆ ಕಟ್ಟಿಕೊಂಡೆ. ಇದನ್ನು ನೆನಪಿಟ್ಟುಕೋ, ಮುಂದೆ ಹೇಳುತ್ತೇನೆ.

ಜೆರಾಲ್ಡ್ ಕುರ್ಚಿ ಹಾಕಲು ಬೇಗ ಬಂದಿದ್ದನಂತೆ. ತಸ್ನೀಮ್ ಕಡ್ಡಿ ಗೀರುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದಾನೆ. ಅವಳಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳದೆ ಹೋಗಿ, ಸಾರು ಬೆಂದು ಉರಿ ಆರಿಸಿದ ಮೇಲೆ ರಬ್ಬಿಯನ್ನು ಕರೆತಂದ. ರಬ್ಬಿ ಪಿಂಕಸ್ ಚಿಕ್ಕ ವಯಸ್ಸಿನವನು, ಮೆತ್ತಗಿನವನು, ನಿನಗೆ ಅವನು ಹಿಡಿಸುವುದಿಲ್ಲ. ಟೋಪಿ ಸರಿಮಾಡಿಕೊಳ್ಳುತ್ತ ಮೆಲ್ಲಗೆ ಕೇಳಿದ. “ತಸ್ನೀಮ್, ಒಲೆ ಹಚ್ಚಿದ್ದು ನೀವಾ?”

“ಹೌದು. ನಾನೇ.”

“ಹಚ್ಚಿ ಅಂತ ಯಾರಾದ್ರೂ ಹೇಳಿದ್ರಾ?”

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಪಾತ್ರೆಯನ್ನೇ ನೋಡುತ್ತ, “ಇಲ್ಲ. ತಪ್ಪಾಯ್ತು” ಎಂದಳು. ನಾನು ಕೈಯಲ್ಲಿದ್ದ ಒರೆಸುವ ಬಟ್ಟೆ ನೋಡುತ್ತ ಸುಮ್ಮನೆ ನಿಂತೆ. ತಸ್ನೀಮ್ ಏಪ್ರನ್ ಬಿಚ್ಚಿ, ಮಡಿಸಿ, ಬೀಗದ ಕೈಯನ್ನು ಅದರ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಹೋದಳು. ಮಳೆಯಲ್ಲಿ ಛತ್ರಿ ಮರೆತು ಹೋದಳು.

ಆ ದಿನ ಮುದುಕರಿಗೆ ಬ್ರೆಡ್ಡು, ಉಪ್ಪುಮೀನು, ಡಬ್ಬಿಯ ಹಣ್ಣು. ಲಿಪ್ಸಿ ಚಮಚ ಬಡಿದು, “ಸಾರಿನ ವಾಸನೆ ಬರ್ತಿದೆ, ಸಾರೆಲ್ಲಿ? ನಾನು ಸತ್ತಿದ್ದೀನಾ?” ಎಂದು ಕೂಗಿದ. ಸಾರನ್ನು ಚೆಲ್ಲುವುದಕ್ಕೆ ಮಿಸೆಸ್ ವಿನೋಕೂರ್ ಬಿಡಲಿಲ್ಲ. ಪಾತ್ರೆಗಳಿಗೆ ಹಾಕಿಸಿ, ತನ್ನ ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು, ಮನೆಯಿಲ್ಲದವರು ರಾತ್ರಿ ತಂಗುವ ಜಾಗಕ್ಕೆ ತಾನೇ ಓಡಿಸಿಕೊಂಡು ಹೋದರು. ಎಂಬತ್ತು ದಾಟಿದ ಹೆಂಗಸು. ಒಳ್ಳೆಯ ಕೋಟಿನ ಮೇಲೆಲ್ಲ ಜಿಡ್ಡು.

ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಎದ್ದು ನಿಂತರು. “ಒಲೆಯ ವಿಷಯ ಎಲ್ಲರ ಬಾಯಲ್ಲಿದೆ. ನಿಯಮ ತಿಳಿಸಿಕೊಡೋ ಹೊಣೆ ನನ್ನದಾಗಿತ್ತು. ನಾನೇ ಸರಿಯಾಗಿ ಹೇಳಿಕೊಟ್ಟಿಲ್ಲ. ತಪ್ಪಿಗೆ ಯಾರಾದ್ರೂ ಜಾಗ ಬಿಡಬೇಕು ಅಂದ್ರೆ ನನ್ನ ಕುರ್ಚಿ ತಗೊಳ್ಳಿ, ಅವಳ ಜಾಗ ಮುಟ್ಟಬೇಡಿ” ಎಂದರು. ಕಿವಿಯ ಮಿಷಿನ್ನು ಆ ದಿನ ಬಂದ್ ಮಾಡಿರಲಿಲ್ಲ. ಹಿಂದಿನ ಬೆಂಚಿನವರು ಗೊಣಗಿದ್ದನ್ನೆಲ್ಲ ನಿಂತು ಕೇಳಿಸಿಕೊಂಡರು. ನಾನು ಮೇಲಿನ ಹೆಂಗಸರ ಸಾಲಿನಲ್ಲಿ ಪುಸ್ತಕದಿಂದ ಮುಖ ಮುಚ್ಚಿಕೊಂಡಿದ್ದೆ. ಪಕ್ಕದವರು ನಾನು ಪ್ರಾರ್ಥಿಸುತ್ತಿದ್ದೇನೆ ಎಂದುಕೊಂಡರು.

ಇಷ್ಟಾದರೂ ತಡೆದುಕೊಂಡಿದ್ದೆ, ನೋಡು. ಮೊನ್ನೆ ಅವರು ನಮ್ಮ ಮನೆಗೆ ಬಂದರು. ಎಂದೂ ಬರದವರು. ನನ್ನ ಅಡುಗೆಮನೆಯ ಚಿಕ್ಕ ಸ್ಟೂಲಿನ ಮೇಲೆ ಕೂತು, ಕೈಗವಸು ಬಿಚ್ಚಿ ಹಾಕಿ, ಮತ್ತೆ ಬಿಚ್ಚಿ, ತಗ್ಗಿದ ದನಿಯಲ್ಲಿ, “ಎಟ್ಟಾ, ಒಂದು ಮಾತು ನಿಜ ಹೇಳು. ನಾನು ಅವಳಿಗೆ ಒಲೆಯ ವಿಷಯ ಹೇಳಿದ್ದೆ ಅಲ್ವಾ? ಎಷ್ಟೋ ಸಲ ಹೇಳಿದ ಹಾಗೆ ನೆನಪು. ಅವಳೋ ತುಂಬಾ ಚುರುಕು, ಹೇಳಿದ್ದನ್ನ ಮರೆಯೋಳಲ್ಲ. ಹಾಗಾದ್ರೆ ನಾನೇ ಹೇಳಿಲ್ಲ. ನನ್ನ ತಲೆ ಹೋಗ್ತಿದೆ ಅಂತ ಕಾಣುತ್ತೆ. ನಮ್ಮಕ್ಕಂಗೂ ಹೀಗೇ ಶುರುವಾಗಿತ್ತು” ಎಂದರು.

ಹೈಮಿ, ನಾನು ಆಗ ಹೇಳಬೇಕಿತ್ತು. ಬಾಯಿವರೆಗೂ ಬಂದಿತ್ತು. ಹೇಳಿದ್ದೇನು ಗೊತ್ತೇ? “ವಯಸ್ಸಾಯ್ತಲ್ವಾ ಮಿಸೆಸ್ ವಿನೋಕೂರ್, ಆಗುತ್ತೆ. ಚಹಾ ಮಾಡ್ಲಾ?”

ಅವರು ತಲೆಯಾಡಿಸಿದರು. ಆ ಹೆಂಗಸು ಯಾರ ಮಾತಿಗೂ ಹಾಗೆ ತಲೆಯಾಡಿಸಿದ್ದನ್ನು ನಾನು ಕಂಡಿಲ್ಲ. ಹೋಗುವಾಗ ನನ್ನ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಅವರು ಹೋದ ಮೇಲೆ ನನಗೆ ಕೂರಲಾಗಲಿಲ್ಲ. ರಬ್ಬಿಯ ಹತ್ತಿರ ಹೋದೆ. ಒಪ್ಪಿಕೊಳ್ಳಲು ಹೋದವಳು, ಅಲ್ಲಿಯೂ ಬೇರೆ ದಾರಿ ಹಿಡಿದೆ. “ಸುಮ್ಮನೆ ಕೇಳ್ತೀನಿ, ಒಲೆ ಬೇರೆಯವರು ಹಚ್ಚಿದ ಮೇಲೆ ನಮ್ಮೋರು ಬಂದಿದ್ರೆ ಏನಾದ್ರೂ ಮಾಡಬಹುದಿತ್ತಾ?” ಎಂದೆ. ಅವನು ಸಲೀಸಾಗಿ, “ಸಾರು ಇನ್ನೂ ಬೇಯ್ತಾ ಇದ್ದಾಗ ಬಂದಿದ್ರೆ ಸಾಕಿತ್ತು ಎಟ್ಟಾ. ಗುಂಡಿ ತಿರುಗಿಸಿ ಉರಿ ಒಂದು ಚೂರು ಹೆಚ್ಚು ಮಾಡಿದ್ರೂ ನಮ್ಮವರು ಹಚ್ಚಿದ ಲೆಕ್ಕವೇ” ಎಂದ.

ಒಂದು ಗುಂಡಿ. ನನ್ನ ಹೊಟ್ಟೆಯ ಎತ್ತರದಲ್ಲಿತ್ತು, ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಇಷ್ಟು ವರ್ಷ ಆ ಒಲೆ ಹಚ್ಚಿದವಳು ಇದನ್ನು ಯಾರನ್ನೂ ಕೇಳಿರಲಿಲ್ಲ, ಕೇಳಿದರೆ ಓದಿಲ್ಲದವಳು ಎಂದು ಗೊತ್ತಾಗುತ್ತದಲ್ಲ ಎಂದು. ಅವತ್ತು ಬೆಳಿಗ್ಗೆ ತಸ್ನೀಮ್ ರಬ್ಬಿಯನ್ನು ಕೇಳಲಾ ಎಂದಳು. ಅವಳು ಕೇಳಲು ಹೆದರಲಿಲ್ಲ. ಬೇಡ ಎಂದವಳು ನಾನು.

ನಿನ್ನೆ ಅವಳ ಮನೆಗೆ ಹೋದೆ. ಮರೆತ ಛತ್ರಿ ಕೊಡುವ ನೆಪ ಮಾಡಿಕೊಂಡು ಹೋದೆ. ಬಾಗಿಲು ಅರ್ಧ ತೆರೆದಳು. ಯಾವಾಗಲೂ ಕೈ ಹಿಡಿದು ಒಳಗೆ ಎಳೆಯುವವಳು ಬಾಗಿಲ ಹಿಡಿ ಬಿಡಲಿಲ್ಲ. ಭಾನುವಾರ ಎಲ್ಲ ಹೇಳಿಬಿಡುತ್ತೇನೆ ಕಣಮ್ಮ ಎಂದೆ. “ಹೈಮಿ ಅಂಕಲ್ ಹೆಸರು ಹೇಳ್ಬೇಕಾಗುತ್ತಲ್ಲ ಆಂಟಿ. ಅವರನ್ನ ಕೇಳಿದ್ರಾ?” ಎಂದಳು. ಇಲ್ಲ ಎಂದೆ. “ಮೊದ್ಲು ಅವರಿಗೆ ತಿಳಿಸಿ. ಸಭೇಲಿ ಕೂತಿರೋವಾಗ ಇದ್ದಕ್ಕಿದ್ದ ಹಾಗೆ ಕೇಳಿಸಿದ್ರೆ ಅವರಿಗೆ ಒಳ್ಳೇದಲ್ಲ” ಎಂದಳು. ಛತ್ರಿ ತೆಗೆದುಕೊಂಡಳು. ಇನ್ನೂ ಒಂದು ಮಾತಾಡಿ ಬಾಗಿಲು ಹಾಕಿದಳು.

ಹಾಗಾಗಿ ಈ ಕಾಗದ. ನೀನು ಯಾರನ್ನು ಹೊರಗೆ ಹಾಕಿಸಲು ಕೋಟು ಇಸ್ತ್ರಿ ಮಾಡಿಸುತ್ತಿದ್ದೀಯೋ ಅವಳು ಹೇಳಿದ್ದರಿಂದ ಬರೆಯುತ್ತಿದ್ದೇನೆ. ಭಾನುವಾರ ನಾನು ಎದ್ದು ನಿಂತು ಹೇಳುತ್ತೇನೆ. ಒಲೆ ಹಚ್ಚಿಸಿದವಳು ನಾನು, ಆ ಹೊತ್ತಿಗೆ ನನ್ನ ಗಂಡನ ಮನೆಯಲ್ಲಿದ್ದೆ, ಅವನು ಬಿದ್ದಿದ್ದ ಎಂದು. ನಿನ್ನ ಅಪ್ಪಣೆ ಕೇಳುತ್ತಿಲ್ಲ. ಅವರು ನಗಲಿ, ಬೀಗದ ಕೈಯೂ ಒಲೆಯೂ ನನ್ನಿಂದ ಹೋಗಲಿ. ಮಿಸೆಸ್ ವಿನೋಕೂರ್‌ಗೆ ಅವರ ತಲೆ ನೆಟ್ಟಗಿದೆ ಎಂದು ಗೊತ್ತಾದರೆ ಸಾಕು. ಅವರ ಮುಖಕ್ಕೇ ಮೊದಲು ಹೇಳಬೇಕಾಗಿತ್ತು, ಆಗಲಿಲ್ಲ. ಇವತ್ತು ಬೆಳಿಗ್ಗೆ ಅವರ ಬೀದಿಯ ತುದಿಯವರೆಗೂ ಹೋಗಿ ವಾಪಸ್ಸು ಬಂದೆ.

ನಾನು ಎಂಥವಳೆಂದು ನಿನಗೆ ಗೊತ್ತು. ಈಗ ಧೈರ್ಯದಿಂದ ಬರೆಯುತ್ತೇನೆ, ಅಷ್ಟು ಜನರ ಮುಂದೆ ಕಾಲು ಏಳದಿದ್ದರೆ? ಅದಕ್ಕೇ ನಿನ್ನನ್ನು ಕೇಳುವುದು ಒಂದೇ. ಸಭೆಗೆ ಬಾ. ಕೋಟು ಹಾಕಿಕೊಂಡೇ ಬಾ. ನಾನು ಕೂತೇ ಇದ್ದುಬಿಟ್ಟರೆ ನೀನು ಏಳು. ನೆಲ ತಣ್ಣಗಿತ್ತು ಎಂದು ಹೇಳು. ಉಳಿದದ್ದು ಅವರೇ ಕೇಳುತ್ತಾರೆ. ಜೆರಾಲ್ಡ್‌ನ ಪಕ್ಕದಲ್ಲಿ ಕೂರಲು ಜಾಗ ಹಿಡಿಸಿದ್ದೀಯಂತೆ. ಅಲ್ಲಿ ಕೂರಬೇಡ, ನನ್ನ ಕಣ್ಣಿಗೆ ಕಾಣುವ ಕಡೆ ಕೂರು.

ಬರುವಾಗ ಜೇಬಿನಲ್ಲಿ ಏನಾದರೂ ಸಿಹಿ ಇಟ್ಟುಕೋ. ಸಭೆ ಎಷ್ಟು ಹೊತ್ತು ಎಳೆಯುತ್ತದೋ.

ಇನ್ನೂ ನಿನ್ನ ಹೆಂಡತಿಯೇ ಆದ,
ಎಟ್ಟಾ

ಮರೆತದ್ದಲ್ಲ, ಬಿಟ್ಟದ್ದು: ಕಾಗದ ಮಡಿಸಿ ಲಕೋಟೆಗೆ ಹಾಕಿ ಮತ್ತೆ ತೆಗೆದೆ. ರಬ್ಬಿ ಕೇಳಿದಾಗ ಸುಮ್ಮನೆ ನಿಂತೆ ಎಂದು ಮೇಲೆ ಬರೆದಿದ್ದೇನೆ. ಸುಳ್ಳು. ತಸ್ನೀಮ್ ‘ತಪ್ಪಾಯ್ತು’ ಎಂದ ಮೇಲೂ ಅವನು ನನ್ನ ಕಡೆ ತಿರುಗಿದ. ಇನ್ನು ನನ್ನನ್ನು ಕೇಳುತ್ತಾನೆ ಎಂದು ಹೆದರಿ ನಾನೇ ಬಾಯಿಬಿಟ್ಟೆ. “ಆ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ ರಬ್ಬಿ, ಅರ್ಥವಾಗಲ್ಲ” ಎಂದೆ. ಅವಳು ಏಪ್ರನ್ ಬಿಚ್ಚಿದ್ದು ಆಮೇಲೆ. ಜೆರಾಲ್ಡ್ ಇದನ್ನು ನಿನಗೆ ಹೇಳಿದನೋ ಇಲ್ಲವೋ. ನಿನ್ನೆ ಬಾಗಿಲು ಹಾಕುವ ಮುಂಚೆ ಅವಳು ಆಡಿದ ಮಾತು ಹೀಗಿತ್ತು: “ನೀವು ಸುಮ್ಮನಿದ್ದಿದ್ರೆ ನಾನು ವಾಪಸ್ಸು ಬರ್ತಿದ್ದೆ ಆಂಟಿ.” ರಬ್ಬಿಗೆ ನಾನು ಆಡಿದ ಆ ಮಾತು, ತಸ್ನೀಮ್‌ಳನ್ನು ಸೇರಿಸಿಕೊಳ್ಳುವ ಸಭೆಯಲ್ಲಿ ನೀನು ಎದ್ದು ಆಡಿದ ಮಾತೇ ಆಗಿತ್ತು, ಹೈಮಿ, ಒಂದಕ್ಷರ ಬಿಡದೆ ಅದೇ. ನೀನು ಮನೆ ಬಿಟ್ಟು ಹೋದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಅಂಥ ಬಾಯಿಯ ಜೊತೆ ಒಂದೇ ಮೇಜಿನಲ್ಲಿ ಉಣ್ಣಲಾರೆ, ಹೋಗು ಎಂದವಳು ನಾನು. ಈಗ ದಿನವೂ ಅದೇ ಮೇಜಿನಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದೇನೆ.